ಹಳೆಯ ಲಾರಿಗೆ ಹೊಸ ಹೆಡ್‌ಲೈಟ್: ಮೀಟರ್ ಬೋರ್ಡಿನ ದೀಪಗಳು ಎಡವಟ್ಟು ಮಾಡಿದಾಗ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಹ್ಯಾಲೊಜೆನ್ ಬಲ್ಬ್ ತೆಗೆದು ಎಲ್ಇಡಿ ಹಾಕಿದ್ದೇ ತಡ, ಡಿಮ್‌ನಲ್ಲಿದ್ದರೂ ಹೈ ಬೀಮಿನ ನೀಲಿ ದೀಪ ಮಿಣಮಿಣ ಉರಿಯುತ್ತದೆ. ಇನ್ನೊಂದು ಗಾಡಿಯಲ್ಲಿ ಹೈ ಬೀಮ್ ಹಾಕಿದರೂ ಆ ನೀಲಿ ದೀಪ ಬರುವುದೇ ಇಲ್ಲ. ಮತ್ತೊಂದರಲ್ಲಿ ಲೈಟ್ ಹಾಕಿದ ಕೂಡಲೇ ಚಾರ್ಜಿಂಗಿನ ಕೆಂಪು ದೀಪ ಮಂಕಾಗಿ ಕಾಣಿಸಿಕೊಳ್ಳುತ್ತದೆ, ಡೀಸೆಲ್ ಮುಳ್ಳು ಜಾಗ ಬಿಟ್ಟು ಕದಲುತ್ತದೆ. ಇಂಥ ಗಾಡಿ ಬಂದಾಗ ಹಲವರು ಮೊದಲು ಕೈ ಹಾಕುವುದು ಮೀಟರ್ ಬೋರ್ಡಿಗೆ. ಅದನ್ನು ಬಿಚ್ಚುತ್ತಾರೆ, ಬಲ್ಬ್ ಬದಲಿಸುತ್ತಾರೆ, ಆಮೇಲೆ ಡಿಮ್-ಡಿಪ್ ಸ್ವಿಚ್ಚನ್ನೇ ಹೊಸದು ತರಿಸುತ್ತಾರೆ. ದುಡ್ಡು ಹೋಗುತ್ತದೆ, ದೋಷ ಹೋಗುವುದಿಲ್ಲ.

ಮೀಟರ್ ಬೋರ್ಡು ಇಲ್ಲಿ ಬಹುಪಾಲು ನಿರಪರಾಧಿ. ಹಳೆಯ ಗಾಡಿಯಲ್ಲಿ ಹೆಡ್‌ಲೈಟ್ ಬಲ್ಬಿನ ಫಿಲಮೆಂಟ್ ಬೆಳಕು ಕೊಡುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿರುತ್ತದೆ. ಸಣ್ಣಪುಟ್ಟ ಕರೆಂಟಿಗೆ ಅದೇ ದಾರಿ. 12 ವೋಲ್ಟಿನ 60 ವ್ಯಾಟ್ ಫಿಲಮೆಂಟ್ ಪೂರ್ತಿ ಕಾದಾಗ ಅದರ ತಡೆ 2.4 ಓಮ್ ಆಸುಪಾಸು. ತಣ್ಣಗಿದ್ದಾಗ ಹೆಚ್ಚುಕಡಿಮೆ ಅದರ ಹತ್ತನೇ ಒಂದು ಪಾಲು, ಅಂದರೆ ಬರಿ ತಂತಿಯ ತುಂಡು ಎಂದೇ ಲೆಕ್ಕ. ಎಲ್ಇಡಿ ಬಲ್ಬಿನ ಒಳಗೆ ಫಿಲಮೆಂಟ್ ಇಲ್ಲ, ಡ್ರೈವರ್ ಸರ್ಕ್ಯೂಟ್ ಇದೆ. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಎಷ್ಟು ಬೇಕೋ ಅಷ್ಟೇ ಎಳೆಯುತ್ತದೆ. ಹಳೆಯ ದಾರಿ ಮುಚ್ಚಿತು. ಆ ದಾರಿಯನ್ನೇ ನಂಬಿದ್ದ ಡ್ಯಾಶ್‌ಬೋರ್ಡ್ ದೀಪ ತಬ್ಬಿಬ್ಬಾಯಿತು. ಮುಂದೆ ಬರುವ ಪರೀಕ್ಷೆಗಳೆಲ್ಲ ಹುಡುಕುವುದು ಇದೊಂದನ್ನೇ: ನಿಮ್ಮ ಗಾಡಿಯಲ್ಲಿ ಆ ದಾರಿ ಎಲ್ಲಿತ್ತು?

ಈ ನೀಲಿ ದೀಪವನ್ನು ಸಣ್ಣ ವಿಷಯ ಎಂದು ಬಿಡಬೇಡಿ. ಶಿರಾಡಿ ಘಾಟಿಯಲ್ಲೋ ಅರಬೈಲ್ ಘಟ್ಟದಲ್ಲೋ ರಾತ್ರಿ ಇಳಿಯುವಾಗ ತನ್ನ ಲೈಟ್ ಯಾವ ಬೀಮಿನಲ್ಲಿದೆ ಎಂದು ಡ್ರೈವರಿಗೆ ಹೇಳುವುದು ಅದೊಂದೇ. ಎಲ್ಇಡಿಯ ಬಿಳಿ ಬೆಳಕಿನಲ್ಲಿ ಹತ್ತಿರದ ರಸ್ತೆ ಯಾವಾಗಲೂ ಬೆಳ್ಳಗೆ ಕಾಣುವುದರಿಂದ ಡಿಮ್ ಯಾವುದು, ಹೈ ಯಾವುದು ಎಂದು ಸೀಟಿನಲ್ಲಿ ಕೂತು ಗುರುತಿಸುವುದು ಹ್ಯಾಲೊಜೆನ್‌ಗಿಂತ ಕಷ್ಟ. ನೀಲಿ ದೀಪ ಸದಾ ಮಿಣುಕುತ್ತಿದ್ದರೆ ಡ್ರೈವರ್ ಅದನ್ನು ನೋಡುವುದನ್ನೇ ಬಿಡುತ್ತಾನೆ. ಎದುರಿನಿಂದ ಬರುವವನ ಕಣ್ಣು ಕುಕ್ಕುತ್ತದೆ.

ಯಾವ ಗಾಡಿಗಳಿಗೆ ಇದು ಹೊಂದುತ್ತದೆ

ಎಚ್4 ಬಲ್ಬಿನ, ಅಂದರೆ ಒಂದೇ ಬಲ್ಬಿನಲ್ಲಿ ಡಿಮ್ ಮತ್ತು ಹೈ ಎರಡೂ ಇರುವ ಮೂರು ಕಾಲಿನ ಹೋಲ್ಡರಿನ ಗಾಡಿಗಳನ್ನೇ ಮುಂದಿಟ್ಟುಕೊಂಡು ಬರೆದಿದ್ದೇನೆ. 1986ರಲ್ಲಿ ಬಂದ ಟಾಟಾ 407ರಂಥ 12 ವೋಲ್ಟಿನ ಗಾಡಿಗಳು, 24 ವೋಲ್ಟಿನ ದೊಡ್ಡ ಲಾರಿಗಳು, ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಜೊತೆಗೂಡಿ ಇಲ್ಲಿ ತಯಾರಾದ ಸ್ವರಾಜ್ ಮಜ್ದಾ, ಡಿಸಿಎಂ ಟೊಯೊಟಾ, ಐಷರ್‌ಗಳು ಎಲ್ಲಕ್ಕೂ ವಿಧಾನ ಒಂದೇ. ಕೊಲ್ಲಿ ದೇಶಗಳಲ್ಲಿ ಹಳೆಯ ಟೊಯೊಟಾ ಹೈಲಕ್ಸ್ ಇಟ್ಟುಕೊಂಡಿರುವ ನಮ್ಮ ಕರಾವಳಿಯವರು ಅರ್ಥ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಬದಿಯ ಸ್ವಿಚ್ಚಿನ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಕಂಪ್ಯೂಟರ್ ಮೂಲಕ ಬಲ್ಬನ್ನು ತಪಾಸಣೆ ಮಾಡುವ ಹೊಸ ಗಾಡಿಗಳ ಕಥೆ ಬೇರೆ, ಅದು ಇಲ್ಲಿಲ್ಲ. ಅದಕ್ಕೇ ಒಂದು ಮಾತು: ಅಂಗಡಿಯಲ್ಲಿ "ಕ್ಯಾನ್‌ಬಸ್ ಡಿಕೋಡರ್" ಎಂದು ಕೊಡಲು ಬಂದರೆ ಹಳೆಯ ಲಾರಿಗೆ ಕೊಳ್ಳಬೇಡಿ. ಅಂಥ ತಪಾಸಣೆಯೇ ಇಲ್ಲದ ಗಾಡಿಗೆ ಅದು ದಂಡದ ಖರ್ಚು.

ಕೈಯಲ್ಲಿರಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್. ಜೊತೆಗೆ ಒಂದು ಟೆಸ್ಟ್ ಲ್ಯಾಂಪ್, ಅದೂ ಫಿಲಮೆಂಟಿನದೇ ಆಗಬೇಕು. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ಉದ್ದನೆಯ ತಂತಿ, ಕ್ಲಿಪ್ ಹಾಕಿಕೊಂಡರೆ ಸಾಕು. ಗಾಡಿ 24 ವೋಲ್ಟಿನದಾದರೆ ಬಲ್ಬೂ 24 ವೋಲ್ಟಿನದು. ಮೀಟರ್ ಒಂದಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು, ಹಾಗಾಗಿ ಹನಿಯಷ್ಟು ಸೋರಿಕೆಯಿದ್ದರೂ ಐದಾರು ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತದೆ. ಟೆಸ್ಟ್ ಲ್ಯಾಂಪ್ ಕರೆಂಟ್ ಎಳೆದು ನೋಡುತ್ತದೆ. ಹಿಂದೆ ನಿಜವಾದ ಬಲ ಇದ್ದರೆ ಮಾತ್ರ ಉರಿಯುತ್ತದೆ.

ತೆಗೆದ ಹಳೆಯ ಬಲ್ಬುಗಳನ್ನು ಎಸೆದಿಲ್ಲ ತಾನೆ? ಎಸೆದಿದ್ದರೆ ಒಂದು ಜೊತೆ ಮಾಮೂಲಿ ಬಲ್ಬ್ ತನ್ನಿ: 12 ವೋಲ್ಟಿಗೆ 60/55 ವ್ಯಾಟ್, 24 ವೋಲ್ಟಿಗೆ 75/70 ವ್ಯಾಟ್. ಈ ಕೆಲಸದಲ್ಲಿ ಅವೂ ಉಪಕರಣಗಳೇ.

ಹಂತ 1: ಲಕ್ಷಣ ಬರೆದುಕೊಳ್ಳಿ

ಲೈಟ್ ಆಫ್, ಪಾರ್ಕಿಂಗ್, ಡಿಮ್, ಹೈ, ಪಾಸ್ ಲೈಟ್ ಈ ಐದರಲ್ಲೂ ಯಾವ ಯಾವ ದೀಪ ಹೇಗಿದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಇಂಜಿನ್ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ. ನೀಲಿ ದೀಪ ಪೂರ್ತಿ ಉರಿಯುತ್ತದೆಯೋ ಮಂಕಾಗಿಯೋ ಎಂಬುದನ್ನು ತಪ್ಪದೆ ಬರೆಯಬೇಕು, ಎರಡಕ್ಕೂ ಕಾರಣ ಬೇರೆ ಬೇರೆ. ಡ್ಯಾಶ್‌ಬೋರ್ಡಿನ ಸಣ್ಣ ಬಲ್ಬುಗಳನ್ನೂ ಎಲ್ಇಡಿಗೆ ಬದಲಿಸಿದ್ದರೆ ಅದನ್ನೂ ದಾಖಲಿಸಿ. ಮೂಲ ಬಲ್ಬು 1.2 ಅಥವಾ 2 ವ್ಯಾಟಿನದು, ಉರಿಯಲು 12 ವೋಲ್ಟಿನಲ್ಲಿ ಕಾಲಂಶ ಆಂಪಿಯರಿಗಿಂತ ಕಡಿಮೆಯಾದರೂ ತಕ್ಕಮಟ್ಟಿಗೆ ಕರೆಂಟು ಬೇಕು. ಎಲ್ಇಡಿಯಾದರೆ ಕೆಲವೇ ಮಿಲಿಆಂಪಿಯರಿಗೂ ಕಣ್ಣು ಬಿಡುತ್ತದೆ. ಎಷ್ಟೋ ಸಲ ಆ ಒಂದು ಸಣ್ಣ ಬಲ್ಬನ್ನು ಮೊದಲಿನ ಹಾಗೆ ಫಿಲಮೆಂಟಿಗೆ ಮರಳಿಸಿದರೆ ಮಿಣುಕು ನಿಂತೇ ಹೋಗುತ್ತದೆ, ಮುಂದಿನ ಹಂತಗಳೇ ಬೇಕಾಗುವುದಿಲ್ಲ.

ಹಂತ 2: ಹಳೆಯ ಬಲ್ಬುಗಳನ್ನು ಮರಳಿ ಹಾಕಿ ನೋಡಿ

ಎರಡೂ ಬದಿಗೆ ಹಳೆಯ ಹ್ಯಾಲೊಜೆನ್ ಹಾಕಿ. ಹೊಸ ಲೈಟಿನ ಜೊತೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಇರುವ ವೈರಿಂಗ್ ಕಿಟ್ ಹಾಕಿದ್ದರೆ ಅದನ್ನೂ ಬಿಡಿಸಿ, ಗಾಡಿಯ ಮೂಲ ಕಪ್ಲರಿಗೇ ಬಲ್ಬ್ ಸಿಕ್ಕಿಸಬೇಕು. ಕಿಟ್ಟಿನ ತುದಿಗೆ ಬಲ್ಬ್ ಹಾಕಿ ನೋಡಿದರೆ ಹಳೆಯ ತಂತಿಗೆ ಫಿಲಮೆಂಟ್ ಸಿಕ್ಕಂತಾಗುವುದಿಲ್ಲ, ಪರೀಕ್ಷೆ ಸುಳ್ಳಾಗುತ್ತದೆ.

ಈಗಲೂ ದೋಷ ಹಾಗೇ ಇದ್ದರೆ ಅದು ಬಲ್ಬಿನದಲ್ಲ. ಅರ್ಥ್, ಸ್ವಿಚ್ ಅಥವಾ ಬದಲಿಸುವಾಗ ಎಳೆದಾಡಿದ ತಂತಿ, ಇವುಗಳಲ್ಲಿ ಒಂದು. ಮೊದಲು ಹಂತ 4ರಂತೆ ಅರ್ಥ್ ನೋಡಿ, ಅದು ಸರಿಯಿದ್ದರೆ ಸ್ವಿಚ್, ತಂತಿ ನೋಡಲು ಹಂತ 3ಕ್ಕೆ ಬನ್ನಿ.

ದೋಷ ಮಾಯವಾದರೆ ಎಲ್ಇಡಿ ಬಲ್ಬ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಫಿಲಮೆಂಟಿನ ದಾರಿಯನ್ನು ಗಾಡಿ ಬಳಸುತ್ತಿತ್ತು ಎಂಬುದಷ್ಟೇ ಸಾಬೀತಾಯಿತು. ಅದೇ ಬಲ್ಬ್ ಬೇರೆ ಗಾಡಿಯಲ್ಲಿ ಯಾವ ತಕರಾರೂ ಇಲ್ಲದೆ ಉರಿಯಬಹುದು.

ಹಂತ 3: ಸ್ವಿಚ್ ಯಾವ ಬದಿಯಲ್ಲಿದೆ?

ಈ ಹಂತವನ್ನು ದಾಟಿಸಿ ಮುಂದೆ ಹೋದವರೇ ವಾರಗಟ್ಟಲೆ ಒದ್ದಾಡುವುದು. ಹೆಡ್‌ಲೈಟ್ ವೈರಿಂಗಿನಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಬಲ್ಬಿನ ಸಾಮಾನ್ಯ ಕಾಲು (ಡಿಮ್, ಹೈ ಎರಡಕ್ಕೂ ಸೇರಿದ ಮೂರನೆಯ ಕಾಲು) ಸದಾ ಅರ್ಥ್ ಆಗಿರುತ್ತದೆ, ಸ್ವಿಚ್ ಡಿಮ್ ಕಾಲಿಗೋ ಹೈ ಕಾಲಿಗೋ ಪ್ಲಸ್ ಕಳುಹಿಸುತ್ತದೆ. ನಮ್ಮ ಟಾಟಾ, ಲೇಲ್ಯಾಂಡ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಎರಡನೆಯದರಲ್ಲಿ ಸಾಮಾನ್ಯ ಕಾಲಿಗೆ ಪ್ಲಸ್ ಬಂದಿರುತ್ತದೆ. ಡಿಮ್, ಹೈ ಕಾಲುಗಳಿಂದ ಹೊರಟ ತಂತಿಗಳು ಸ್ವಿಚ್ಚಿಗೆ ಹೋಗಿ ಅಲ್ಲಿ ಅರ್ಥ್ ಸೇರುತ್ತವೆ. ಹಳೆಯ ಜಪಾನಿ ಗಾಡಿಗಳಲ್ಲಿ, ಮುಖ್ಯವಾಗಿ ಟೊಯೊಟಾ ಪಿಕಪ್‌ಗಳಲ್ಲಿ, ಈ ಪದ್ಧತಿ ಇದೆ. ಕಂಪನಿ ಹೆಸರು ನೋಡಿ ತೀರ್ಮಾನಿಸಬೇಡಿ, ಅಳೆದು ನೋಡಿ. ಹತ್ತಾರು ಕೈ ದಾಟಿ ಬಂದ ಗಾಡಿಯ ವೈರಿಂಗ್ ಎಷ್ಟು ಸಲ ಬದಲಾಗಿದೆಯೋ.

ಎಡ ಬಲ ಎರಡೂ ಕಪ್ಲರ್ ಬಿಚ್ಚಿ. ಒಂದನ್ನು ಮಾತ್ರ ಬಿಚ್ಚಿದರೆ ಇನ್ನೊಂದು ಬದಿಯ ಫಿಲಮೆಂಟಿನ ಮೂಲಕ ಕರೆಂಟು ಸುತ್ತಿ ಬಂದು, ಇಲ್ಲದ ಕಡೆ 12 ವೋಲ್ಟ್ ತೋರಿಸುತ್ತದೆ. ಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಕೆಂಪು ತಂತಿಯನ್ನು ಕಪ್ಲರಿನ ಮೂರೂ ಕಾಲಿಗೆ ಒಂದೊಂದಾಗಿ ಇಟ್ಟು ಡಿಮ್‌ನಲ್ಲಿ, ಹೈನಲ್ಲಿ ಅಳೆಯಿರಿ. ಡಿಮ್‌ನಲ್ಲಿ ಒಂದು ಕಾಲಿಗೆ, ಹೈನಲ್ಲಿ ಇನ್ನೊಂದು ಕಾಲಿಗೆ ಪೂರ್ತಿ ವೋಲ್ಟೇಜ್ ಬಂದು, ಮೂರನೆಯದು ಸದಾ ಅರ್ಥ್ ಆಗಿದ್ದರೆ ಪ್ಲಸ್ ಬದಿಯ ಸ್ವಿಚ್. ಡಿಮ್ ಇರಲಿ ಹೈ ಇರಲಿ ಒಂದೇ ಕಾಲಿಗೆ ವೋಲ್ಟೇಜ್ ಇದ್ದು ಉಳಿದೆರಡು ಸತ್ತಂತಿದ್ದರೆ ಅರ್ಥ್ ಬದಿಯದು. ಖಾತ್ರಿ ಮಾಡಿಕೊಳ್ಳಲು ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ ಹಾಕಿ ಇನ್ನೊಂದನ್ನು ಆ ಎರಡು ಕಾಲುಗಳಿಗೆ ಮುಟ್ಟಿಸಿ: ಡಿಮ್‌ನಲ್ಲಿ ಒಂದರಲ್ಲಿ, ಹೈನಲ್ಲಿ ಇನ್ನೊಂದರಲ್ಲಿ ಉರಿಯಬೇಕು.

ಕಪ್ಲರ್‌ಗಳು ಬಿಚ್ಚಿರುವಾಗಲೇ ಇನ್ನೊಂದು ಕೆಲಸ ಮುಗಿಸಿ. ಹೈ ಬೀಮ್ ಹಾಕಿ ಮೀಟರ್ ಬೋರ್ಡ್ ನೋಡಿ. ಹೆಡ್‌ಲೈಟೇ ಇಲ್ಲದಿದ್ದರೂ ನೀಲಿ ದೀಪ ಚೆನ್ನಾಗಿ ಬಂದರೆ ಅದಕ್ಕೆ ತನ್ನದೇ ಸ್ವತಂತ್ರ ದಾರಿಯಿದೆ. ಬರದಿದ್ದರೆ, ಆ ಸಣ್ಣ ಬಲ್ಬು ಸುಟ್ಟಿಲ್ಲ ಎಂದು ನೋಡಿಕೊಂಡ ಮೇಲೆ ತಿಳಿಯುವುದು ಇಷ್ಟು: ಅದು ಹೆಡ್‌ಲೈಟ್ ಫಿಲಮೆಂಟಿನ ಮೂಲಕವೇ ಕರೆಂಟು ಪಡೆಯುತ್ತಿತ್ತು. ಈಗ ಡಿಮ್‌ಗೆ ಬನ್ನಿ. ಕಪ್ಲರ್ ಬಿಚ್ಚಿದ್ದರೂ ಡಿಮ್‌ನಲ್ಲಿ ನೀಲಿ ದೀಪ ಉರಿಯುತ್ತಿದ್ದರೆ ಬಲ್ಬಿನ ಮೇಲೆ ಅನುಮಾನ ಬಿಡಿ. ಸ್ವಿಚ್ಚಿನೊಳಗೋ ತಂತಿಯ ಕಟ್ಟಿನಲ್ಲೋ ಎರಡು ತಂತಿ ಕೂಡಿಕೊಂಡಿವೆ.

ಹಂತ 4: ಅರ್ಥ್

ಹಳೆಯ ಲಾರಿಯಲ್ಲಿ ಅರ್ಥಿಂಗ್ ಸರಿಮಾಡದೆ ಬೇರೆ ಯಾವ ದುರಸ್ತಿಗೂ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲಿ ಎಷ್ಟೋ ಲಾರಿಗಳು ಕಂಪನಿಯಿಂದ ಚಾಸಿ ಮತ್ತು ಮುಂದಿನ ಕೌಲ್ (ಗಾಜಿನ ಕೆಳಗಿನ ಮುಂಭಾಗ) ಮಾತ್ರ ಬಂದು, ಕ್ಯಾಬಿನ್ ಬಾಡಿ ಕಟ್ಟುವವರ ಕೈಯಲ್ಲಿ ಮರ ಮತ್ತು ತಗಡಿನಿಂದ ತಯಾರಾದವು. ಮರದಲ್ಲಿ ಅರ್ಥ್ ಹರಿಯುವುದಿಲ್ಲ. ತಗಡಿಗೆ ಸ್ಕ್ರೂ ಹಾಕಿ ಕೊಟ್ಟ ಅರ್ಥ್, ಎರಡು ಮೂರು ಸಲ ಬಣ್ಣ ಬಳಿದ ಮೇಲೆ ಬಣ್ಣದ ಮೇಲೇ ಕೂತಿರುತ್ತದೆ. ಟಿಲ್ಟ್ ಕ್ಯಾಬಿನ್ ಆದರೆ ಕ್ಯಾಬಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ, ಅದು ಹಸಿರುಗಟ್ಟಿ ಎಳೆ ಎಳೆಯಾಗಿ ತುಂಡಾಗಿರುತ್ತದೆ. ಕರಾವಳಿಯ ಮೀನು ಲಾರಿಗಳಲ್ಲಂತೂ ಇದನ್ನೇ ಮೊದಲು ನೋಡಬೇಕು.

ಅರ್ಥ್ ಕೆಟ್ಟರೆ ಡಿಮ್‌ನಲ್ಲಿ ನೀಲಿ ದೀಪ ಮಿಣುಕುವುದು ಹೇಗೆ? ಪ್ಲಸ್ ಬದಿಯ ಸ್ವಿಚ್ಚಿನ ಗಾಡಿಯಲ್ಲಿ, ಎರಡೂ ಬದಿ ಹ್ಯಾಲೊಜೆನ್ ಇರುವಾಗ ಎಡಗಡೆಯ ಬಲ್ಬಿನ ಅರ್ಥ್ ಮಾತ್ರ ಬಿಟ್ಟುಹೋಗಿದೆ ಎನ್ನೋಣ. ಡಿಮ್ ಕಾಲಿಗೆ ಬಂದ ಕರೆಂಟಿಗೆ ಇಳಿಯಲು ಜಾಗವಿಲ್ಲ. ಅದು ಅದೇ ಬಲ್ಬಿನ ಹೈ ಫಿಲಮೆಂಟಿಗೆ ಹಿಮ್ಮುಖವಾಗಿ ನುಗ್ಗಿ, ಹೈ ಬೀಮಿನ ತಂತಿ ಹಿಡಿದು ಬಲಗಡೆಯ ಬಲ್ಬಿನ ಹೈ ಫಿಲಮೆಂಟ್ ಮೂಲಕ ಅಲ್ಲಿನ ಒಳ್ಳೆಯ ಅರ್ಥ್ ಸೇರುತ್ತದೆ. ಮೂರು ಫಿಲಮೆಂಟ್ ಸಾಲಾಗಿ ಕೂತಂತಾಯಿತು. ಹೈ ತಂತಿಯ ಮೇಲೆ ಸುಮಾರು ಮೂರನೇ ಒಂದು ಪಾಲು ವೋಲ್ಟೇಜ್ ನಿಲ್ಲುತ್ತದೆ, 12 ವೋಲ್ಟಿನಲ್ಲಿ ನಾಲ್ಕು ವೋಲ್ಟ್ ಆಸುಪಾಸು. ನೀಲಿ ದೀಪ ಜೋಡಿಸಿರುವುದು ಅದೇ ತಂತಿಗೆ. ಮಂಕಾಗಿ ಉರಿಯುತ್ತದೆ. ಎಡಗಡೆಯ ಲೈಟ್ ಕೆಂಪಗೆ ಸೊರಗಿದ್ದರೆ ಅನುಮಾನವೇ ಬೇಡ.

ಪರೀಕ್ಷೆ ಹೀಗೆ: ಲೈಟ್ ಉರಿಯುತ್ತಿರುವಾಗಲೇ ಮೀಟರಿನ ಒಂದು ತುದಿ ಬಲ್ಬಿನ ಅರ್ಥ್ ಕಾಲಿನ ಹಿಂಬದಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. 0.1 ಅಥವಾ 0.2 ವೋಲ್ಟಿನೊಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಹೊಸದು ಹಾಕಬೇಕು. ಲೈಟ್ ಆರಿಸಿ ಓಮ್‌ನಲ್ಲಿ ಅಳೆದು ಸರಿಯಿದೆ ಎನ್ನುವವರಿದ್ದಾರೆ. ಒಂದೇ ಎಳೆ ಉಳಿದ ತಂತಿಯೂ ಓಮ್ ಮೀಟರಿಗೆ ಸೊನ್ನೆಯೇ ತೋರುತ್ತದೆ. ಲೋಡ್ ಇರುವಾಗ ಅಳೆದದ್ದಷ್ಟೇ ಲೆಕ್ಕಕ್ಕೆ. ಇದೇ ರೀತಿ ಮೀಟರ್ ಬೋರ್ಡಿನ ಅರ್ಥ್ ತಂತಿಯನ್ನೂ, ಕ್ಯಾಬಿನ್ ಮತ್ತು ಚಾಸಿಯ ನಡುವನ್ನೂ ಅಳೆಯಿರಿ. ಲೈಟ್ ಹಾಕಿದಾಗ ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಒಟ್ಟಿಗೆ ಕದಲುವ ಗಾಡಿಯಲ್ಲಿ ದೋಷ ಸಿಗುವುದು ಈ ಎರಡು ಜಾಗದಲ್ಲೇ.

ಹೊಸ ಅರ್ಥ್ ಕೊಡುವಾಗ 2.5 ಚದರ ಮಿಲಿಮೀಟರ್ ತಂತಿ ಎಳೆದು ಎರಡೂ ಹೆಡ್‌ಲೈಟಿನಿಂದ ನೇರ ಚಾಸಿಗೆ ತನ್ನಿ. ಬೋಲ್ಟಿನ ಜಾಗವನ್ನು ತಂತಿ ಬ್ರಷ್‌ನಿಂದ ಬಿಳಿ ಲೋಹ ಕಾಣುವ ತನಕ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಹಂತ 5: ಲಕ್ಷಣಕ್ಕೆ ತಕ್ಕ ದುರಸ್ತಿ

*ಡಿಮ್‌ನಲ್ಲಿ ನೀಲಿ ದೀಪ ಮಂಕಾಗಿ ಉರಿಯುತ್ತದೆ, ಅರ್ಥ್ ಸರಿಯಿದೆ, ಸ್ವಿಚ್ ಪ್ಲಸ್ ಬದಿಯದು.* ಎಲ್ಇಡಿ ಬಲ್ಬಿನ ಡ್ರೈವರ್ ಡಿಮ್ ಕಾಲಿನಿಂದ ಹೈ ಕಾಲಿಗೆ ಒಂದಿಷ್ಟು ಕರೆಂಟು ಸೋರಿಸುತ್ತಿದೆ. ಹಿಂದೆ ಇಂಥ ಸೋರಿಕೆ ಇದ್ದರೂ ಹೈ ಫಿಲಮೆಂಟ್ ಅದನ್ನು ನುಂಗಿ ಅರ್ಥ್‌ಗೆ ಇಳಿಸುತ್ತಿತ್ತು. ಖಚಿತಪಡಿಸಿಕೊಳ್ಳಲು ಡಿಮ್‌ನಲ್ಲಿಟ್ಟು ಹೈ ತಂತಿಯನ್ನು ಅಳೆಯಿರಿ. ಮೀಟರ್ ಮೂರು-ಆರು ವೋಲ್ಟ್ ತೋರಿಸುತ್ತಿದ್ದು, ಟೆಸ್ಟ್ ಲ್ಯಾಂಪನ್ನು ಆ ತಂತಿ ಮತ್ತು ಅರ್ಥ್ ನಡುವೆ ಮುಟ್ಟಿಸಿದ ಕೂಡಲೇ ಸೊನ್ನೆಗೆ ಬಿದ್ದರೆ ಅದು ಬರೀ ಸೋರಿಕೆ. ಟೆಸ್ಟ್ ಲ್ಯಾಂಪ್ ತಾನೇ ಉರಿದರೆ ಸೋರಿಕೆಯಲ್ಲ, ಎಲ್ಲೋ ತಂತಿ ಕೂಡಿದೆ. ಹಿಂದಿನ ಹಂತಗಳಿಗೆ ಮರಳಿ.

ಸೋರಿಕೆಗೆ ಮದ್ದು ಒಂದು ರೆಸಿಸ್ಟರ್. ಹೈ ತಂತಿಯಿಂದ ಅರ್ಥ್‌ಗೆ, 12 ವೋಲ್ಟಿನ ಗಾಡಿಗೆ 100 ಓಮ್, 24 ವೋಲ್ಟಿಗೆ 470 ಓಮ್, ಎರಡಕ್ಕೂ 5 ವ್ಯಾಟಿನದು. ಬಿಳಿ ಸಿಮೆಂಟ್ ರೆಸಿಸ್ಟರ್ ಎಂದು ಕೇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಹೈ ಬೀಮ್ ಇರುವಾಗ ಅದು ಎರಡು ವ್ಯಾಟ್‌ನಷ್ಟು ಬಿಸಿಯಾಗುತ್ತದೆ. ತಂತಿಯ ಕಟ್ಟಿನೊಳಗೆ ಟೇಪ್ ಸುತ್ತಿ ತುರುಕದೆ, ಪ್ಲಾಸ್ಟಿಕ್ಕಿನಿಂದ ದೂರ, ತಗಡಿಗೆ ತಾಗಿಸಿ ಕಟ್ಟಿ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿದರೆ ಸಾಕೆಂದು ಸಲಹೆ ಕೊಡುವವರು ಬಹಳ. ಸೋರಿಕೆ ಹರಿಯುವ ದಿಕ್ಕೂ ನೀಲಿ ದೀಪಕ್ಕೆ ಬೇಕಾದ ಕರೆಂಟಿನ ದಿಕ್ಕೂ ಒಂದೇ ಆಗಿರುವಾಗ ಡಯೋಡ್ ಏನನ್ನು ತಡೆಯಬೇಕು?

*ಹೈ ಬೀಮ್ ಹಾಕಿದರೂ ನೀಲಿ ದೀಪ ಬರುವುದಿಲ್ಲ. ಸ್ವಿಚ್ ಅರ್ಥ್ ಬದಿಯದು.* ಇಂಥ ಕೆಲವು ಗಾಡಿಗಳಲ್ಲಿ ನೀಲಿ ದೀಪದ ಒಂದು ತುದಿ ಡಿಮ್ ತಂತಿಗೆ, ಇನ್ನೊಂದು ಅರ್ಥ್‌ಗೆ ಇರುತ್ತದೆ. ಡಿಮ್ ತಂತಿಗೆ ಯಾಕೆ ಎಂದು ಆಶ್ಚರ್ಯವಾಗಬಹುದು. ಡಿಮ್ ಉರಿಯುವಾಗ ಆ ತಂತಿ ಸ್ವಿಚ್ಚಿನಲ್ಲಿ ಅರ್ಥ್ ಆಗಿರುತ್ತದೆ, ದೀಪದ ಎರಡೂ ತುದಿ ಅರ್ಥ್, ಹಾಗಾಗಿ ಆರಿರುತ್ತದೆ. ಹೈ ಹಾಕಿದಾಗ ಡಿಮ್ ತಂತಿ ಅರ್ಥ್ ಬಿಡುತ್ತದೆ; ಸಾಮಾನ್ಯ ಕಾಲಿನ ಪ್ಲಸ್, ತಣ್ಣಗಿರುವ ಡಿಮ್ ಫಿಲಮೆಂಟಿನ ಮೂಲಕ ಹರಿದು ಬಂದು ನೀಲಿ ದೀಪ ಉರಿಸುತ್ತದೆ. ಆ ಸಣ್ಣ ಕರೆಂಟಿಗೆ ಹೆಡ್‌ಲೈಟ್ ಫಿಲಮೆಂಟ್ ಕಾಯುವುದೂ ಇಲ್ಲ. ಜಾಣತನದ ಏರ್ಪಾಡು. ಎಲ್ಇಡಿ ಬಂದಾಗ ಆ ಫಿಲಮೆಂಟೇ ಹೋಯಿತು.

ಇಲ್ಲಿ ಸಾಮಾನ್ಯ ಕಾಲಿನ ತಂತಿ ಮತ್ತು ಡಿಮ್ ತಂತಿಯ ನಡುವೆ 100 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿ, ಡ್ಯಾಶ್‌ಬೋರ್ಡಿನ ನೀಲಿ ಬಲ್ಬನ್ನು ಎಲ್ಇಡಿ ಮಾಡಿದರೆ ಕೆಲಸ ನಡೆಯುತ್ತದೆ. ಫಿಲಮೆಂಟ್ ಬಲ್ಬನ್ನೇ ಉಳಿಸಿಕೊಂಡರೆ ರೆಸಿಸ್ಟರಿನಲ್ಲೇ ವೋಲ್ಟೇಜ್ ಬಹುಪಾಲು ಕರಗಿ ಅದು ಮಂಕಾಗುತ್ತದೆ. ಎಲ್ಇಡಿ ಬಲ್ಬಿಗೆ ಪ್ಲಸ್-ಮೈನಸ್ ಇದೆ; ಉರಿಯದಿದ್ದರೆ ಹೋಲ್ಡರಿನಲ್ಲಿ ತಿರುಗಿಸಿ ಹಾಕಿ ನೋಡಿ. ಆದರೂ ಇದಕ್ಕಿಂತ ಒಳ್ಳೆಯದು ರಿಲೇಯಿಂದ ಹೊಸ ತಂತಿ ಎಳೆಯುವುದು. ಮುಂದೆ ಹೇಳುತ್ತೇನೆ.

*ರಿಲೇ ಕಿಟ್ ಹಾಕಿದ ಮೇಲೆ ಶುರುವಾದ ತೊಂದರೆಗಳು.* ರಿಲೇಯ 30 ಎಂಬ ಕಾಲಿಗೆ ಫ್ಯೂಸ್ ಮೂಲಕ ಬ್ಯಾಟರಿಯ ಪ್ಲಸ್, 87ರಿಂದ ಹೆಡ್‌ಲೈಟಿಗೆ, 85 ಮತ್ತು 86 ರಿಲೇಯನ್ನು ಎಳೆಯುವ ಕಾಯಿಲ್‌ನ (ತಂತಿ ಸುರುಳಿಯ) ಎರಡು ತುದಿ. ಮಾರುಕಟ್ಟೆಯ ಕಿಟ್‌ಗಳು ಹೆಚ್ಚಾಗಿ ಪ್ಲಸ್ ಬದಿಯ ಸ್ವಿಚ್ಚನ್ನು ಎಣಿಸಿ ತಯಾರಾದವು, 85ನ್ನು ಬಾಡಿಗೆ ಅರ್ಥ್ ಮಾಡಿರುತ್ತಾರೆ. ಅರ್ಥ್ ಬದಿಯ ಸ್ವಿಚ್ಚಿನ ಗಾಡಿಗೆ ಅದನ್ನು ಹಾಗೇ ಸಿಕ್ಕಿಸಿದರೆ ರಿಲೇ ಸದ್ದೇ ಮಾಡುವುದಿಲ್ಲ. ಕಾಯಿಲ್‌ನ ಒಂದು ತುದಿ ಹಳೆಯ ಕಪ್ಲರಿನ ಸಾಮಾನ್ಯ ಕಾಲಿಗೆ, ಇನ್ನೊಂದು ಡಿಮ್ ಅಥವಾ ಹೈ ಕಾಲಿಗೆ ಬರುವಂತೆ ಮಾಡಿ. ಆಗ ಸ್ವಿಚ್ ಯಾವ ಬದಿಯಲ್ಲಿದ್ದರೂ ರಿಲೇ ಎಳೆಯುತ್ತದೆ. ಒಳಗೆ ಡಯೋಡ್ ಇರುವ ರಿಲೇ ಆದರೆ ಮಾತ್ರ ಜೋಕೆ: ಕಾಯಿಲ್ ಉಲ್ಟಾ ಜೋಡಿಸಿದರೆ ಫ್ಯೂಸ್ ಹಾರುತ್ತದೆ.

ಇನ್ನೊಂದು ವಿಚಿತ್ರ ಲಕ್ಷಣ ಉಂಟು. ಹೈ ಹಾಕಿದರೆ ಡಿಮ್ ಆರುವುದೇ ಇಲ್ಲ, ನೀಲಿ ದೀಪ ಮಾತ್ರ ಅರೆಜೀವವಾಗಿ ಉರಿಯುತ್ತದೆ. ರಿಲೇ ಅಂಟಿಕೊಂಡಿದೆ ಎಂದು ಬದಲಿಸಿದರೂ ಅದೇ ಪಾಡು. ನೀಲಿ ದೀಪಕ್ಕೆ ಡಿಮ್ ತಂತಿಯಿಂದ ಕರೆಂಟು ಪಡೆಯುವ ಗಾಡಿಯಲ್ಲಿ ಫಿಲಮೆಂಟಿನ ಜಾಗಕ್ಕೆ ಈಗ ಡಿಮ್ ರಿಲೇಯ ಕಾಯಿಲ್ ಬಂದು ಕೂತಿದೆ. 12 ವೋಲ್ಟ್ ರಿಲೇಯ ಕಾಯಿಲ್ ಸುಮಾರು 80-100 ಓಮ್. ನೀಲಿ ದೀಪವೂ ಕಾಯಿಲೂ ಸಾಲಾಗಿ ವೋಲ್ಟೇಜ್ ಹಂಚಿಕೊಳ್ಳುತ್ತವೆ. ದೀಪಕ್ಕೆ ಸಾಲದಷ್ಟು ಸಿಗುತ್ತದೆ, ಕಾಯಿಲ್‌ಗೆ ಒಮ್ಮೆ ಎಳೆದ ರಿಲೇಯನ್ನು ಹಿಡಿದಿಡುವಷ್ಟು ಸಿಗುತ್ತದೆ.

ಇದಕ್ಕೆ, ಹಿಂದಿನದಕ್ಕೆ, ನೀಲಿ ದೀಪದ ಹೆಚ್ಚಿನ ಎಲ್ಲ ತಕರಾರಿಗೂ ನಾನು ಮೆಚ್ಚುವ ದುರಸ್ತಿ ಒಂದೇ. ಮೀಟರ್ ಬೋರ್ಡಿನಲ್ಲಿ ನೀಲಿ ದೀಪಕ್ಕೆ ಬರುವ ಹಳೆಯ ತಂತಿಯನ್ನು ಬಿಡಿಸಿ ತುದಿಗೆ ಟೇಪ್ ಸುತ್ತಿಬಿಡಿ. ಹೈ ರಿಲೇಯ 87ನೇ ಕಾಲಿನಿಂದ 2 ಆಂಪಿಯರ್ ಫ್ಯೂಸ್ ಹಾಕಿ ಒಂದು ಸಣ್ಣ ತಂತಿಯನ್ನು ಒಳಗೆ ತಂದು ದೀಪದ ಒಂದು ಕಾಲಿಗೆ ಕೊಡಿ, ಇನ್ನೊಂದು ಕಾಲಿಗೆ ಒಳ್ಳೆಯ ಅರ್ಥ್. ಹೆಡ್‌ಲೈಟಿಗೆ ಹೈ ಬೀಮಿನ ಕರೆಂಟು ಹೋದಾಗ ನೀಲಿ ದೀಪ ಉರಿಯುತ್ತದೆ, ಹೋಗದಿದ್ದರೆ ಆರಿರುತ್ತದೆ. ಬಲ್ಬ್ ಯಾವುದೇ ಇರಲಿ, ಸ್ವಿಚ್ ಎಲ್ಲೇ ಇರಲಿ. ಮೀಟರ್ ಬೋರ್ಡಿನ ಹಿಂದೆ ತಂತಿಗಳ ಬದಲು ತಾಮ್ರದ ಪಟ್ಟಿಯ ಹಾಳೆ ಇದ್ದರೆ ಆ ಒಂದು ಹೋಲ್ಡರಿನ ಎರಡೂ ಬದಿಯ ಪಟ್ಟಿಯನ್ನು ಬೇರ್ಪಡಿಸಬೇಕಾಗುತ್ತದೆ. ಕೈ ಕುದುರದವರು ಅದನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಲೇಸು.

*ಲೈಟ್ ಹಾಕಿದರೆ ಚಾರ್ಜಿಂಗ್ ದೀಪ ಮಂಕಾಗಿ ಬರುತ್ತದೆ.* ಇದು ಎಲ್ಇಡಿಗಿಂತ 100/90 ವ್ಯಾಟಿನ ಬಲ್ಬ್ ಹಾಕಿಸಿದ ಗಾಡಿಗಳ ರೋಗ. ಚಾರ್ಜಿಂಗ್ ದೀಪದ ಒಂದು ತುದಿ ಇಗ್ನಿಷನ್ ಬದಿಗೆ, ಇನ್ನೊಂದು ಆಲ್ಟರ್ನೇಟರಿಗೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದರೆ ಆರಿರುತ್ತದೆ. ಎರಡು ಲೈಟಿಗೆ 10 ಆಂಪಿಯರ್ ಹೊರುತ್ತಿದ್ದ ಹಳೆಯ ತಂತಿ ಈಗ ಹೈನಲ್ಲಿ 16-17 ಆಂಪಿಯರ್ ಹೊರಬೇಕು. ಇಗ್ನಿಷನ್ ಬದಿಯ ವೋಲ್ಟೇಜ್ ಕುಸಿಯುತ್ತದೆ, ಆಲ್ಟರ್ನೇಟರ್ ಬದಿ ಎತ್ತರದಲ್ಲೇ ಇರುತ್ತದೆ, ನಡುವಿನ ದೀಪ ಮಿಣುಕುತ್ತದೆ. ಇಂಜಿನ್ ಓಡಿಸಿ, ಲೈಟ್ ಹಾಕಿ, ಬ್ಯಾಟರಿಯ ಪ್ಲಸ್‌ಗೂ ಕ್ಯಾಬಿನ್ನಿನ ಇಗ್ನಿಷನ್ ಫ್ಯೂಸಿಗೂ ನಡುವೆ ಅಳೆಯಿರಿ. ಒಂದು ವೋಲ್ಟ್ ಇದ್ದರೆ ಕಾರಣ ಅದೇ. ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ, ರಿಲೇ ಮತ್ತು ಪ್ರತ್ಯೇಕ ಫ್ಯೂಸಿನ ಮೂಲಕ ಕೊಡಿ. ಮಾಮೂಲಿ ವ್ಯಾಟಿಗೆ ಮರಳುವುದು ಇನ್ನೂ ಒಳ್ಳೆಯದು. 100 ವ್ಯಾಟಿನ ಬಿಸಿಗೆ ಹೋಲ್ಡರ್ ಕರಗಿ, ರಿಫ್ಲೆಕ್ಟರಿನ ಹೊಳಪು ಸುಟ್ಟು, ಕೊನೆಗೆ ಬೆಳಕೇ ಕಡಿಮೆಯಾಗುತ್ತದೆ.

*ಹೆಡ್‌ಲೈಟ್ ಸೆಟ್ಟಿನ ಜೊತೆಗೆ ಸೈಡ್ ಇಂಡಿಕೇಟರೂ ಎಲ್ಇಡಿ ಆಗಿದ್ದರೆ.* ಚಟಚಟ ವೇಗವಾಗಿ ಮಿನುಗಿದರೆ, 21 ವ್ಯಾಟಿನ ಬಲ್ಬ್ ಸುಟ್ಟಿದೆ ಎಂದು ಫ್ಲಾಷರ್ (ಇಂಡಿಕೇಟರ್ ಮಿನುಗಿಸುವ ಡಬ್ಬಿ) ತಿಳಿದಿದೆ. ದಪ್ಪ ರೆಸಿಸ್ಟರ್ ಹಾಕಿ ಅದನ್ನು ಒಪ್ಪಿಸುವ ಬದಲು, ಅದೇ ವೋಲ್ಟಿನ ಅಷ್ಟೇ ಕಾಲುಗಳ ಎಲ್ಇಡಿ ಫ್ಲಾಷರ್ ಹಾಕಿ. ಎಡಕ್ಕೆ ಹಾಕಿದರೆ ಬಲವೂ ಮಿನುಗುವ ತೊಂದರೆ ಬೇರೆ. ಎಡ-ಬಲ ಎರಡಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಹಸಿರು ದೀಪವಿರುವ ಹಳೆಯ ಗಾಡಿಗಳಲ್ಲಿ ಆ ದೀಪ ಎಡ ತಂತಿ, ಬಲ ತಂತಿಗಳ ನಡುವೆ ಕೂತಿದ್ದು, ಎದುರು ಬದಿಯ ಫಿಲಮೆಂಟಿನ ಮೂಲಕ ಅರ್ಥ್ ಪಡೆಯುತ್ತದೆ. ಎಡ, ಬಲ ತಂತಿಗಳಿಂದ ಒಂದೊಂದು 1ಎನ್4007 ಡಯೋಡ್, ಬೆಳ್ಳಿಗೆರೆ ಇರುವ ತುದಿ ದೀಪದ ಕಡೆ; ಎರಡನ್ನೂ ದೀಪದ ಒಂದು ಕಾಲಿಗೆ ಸೇರಿಸಿ, ಇನ್ನೊಂದು ಕಾಲನ್ನು ಅರ್ಥ್ ಮಾಡಿ. ಡಯೋಡಿಗೆ ತಕ್ಕ ಜಾಗ ಇದು.

24 ವೋಲ್ಟಿನವರು ಗಮನಿಸಿ

ಬಲ್ಬಿನ ಮೇಲೆ 9ರಿಂದ 32 ವೋಲ್ಟ್ ಎಂದು ಬರೆದಿದೆಯೇ ನೋಡಿಯೇ ಕೊಳ್ಳಿ. 12 ವೋಲ್ಟಿನ ಎಲ್ಇಡಿ ಅಗ್ಗಕ್ಕೆ ಸಿಕ್ಕಿತೆಂದು ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ಎಳೆದು ಹಾಕುವ ರೂಢಿ ನಮ್ಮಲ್ಲಿದೆ. ಒಂದು ಬ್ಯಾಟರಿ ಸದಾ ಖಾಲಿ, ಇನ್ನೊಂದು ಸದಾ ಅತಿ ಚಾರ್ಜ್. ಎರಡೂ ಬೇಗ ಹಾಳಾಗುತ್ತವೆ. ರಿಲೇ, ಫ್ಲಾಷರ್, ಡ್ಯಾಶ್‌ಬೋರ್ಡಿನ ಎಲ್ಇಡಿ ಎಲ್ಲವೂ 24 ವೋಲ್ಟಿನವೇ ಆಗಬೇಕು. ಅರ್ಥ್ ಬದಿಯ ಸ್ವಿಚ್ಚಿಗೆ ಹೇಳಿದ 100 ಓಮ್ ಕೂಡ ಇಲ್ಲಿ 470 ಓಮ್ ಆಗಲಿ. ಮಾಮೂಲಿ ವ್ಯಾಟಿನ ಬಲ್ಬಾದರೆ ಹೆಡ್‌ಲೈಟ್ ಫ್ಯೂಸ್ 24 ವೋಲ್ಟಿಗೆ 10 ಆಂಪಿಯರ್, 12 ವೋಲ್ಟಿಗೆ 15 ಸಾಕು.

ಹಂತ 6: ಓಡಿಸಿ ನೋಡುವುದು

ಎಲ್ಲ ಮುಗಿದ ಮೇಲೆ ಹಂತ 1ರ ಚೀಟಿ ತೆಗೆದು ಮತ್ತೆ ಐದೂ ಸ್ಥಿತಿ ನೋಡಿ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್, 24ರ ಗಾಡಿಯಲ್ಲಿ ಅದರ ಎರಡು ಪಟ್ಟು ಇರಬೇಕು. ವೈಪರ್, ಹಾರ್ನ್, ಬ್ರೇಕ್ ಲೈಟ್ ಒಟ್ಟಿಗೆ ಹಾಕಿ. ಅರ್ಥ್ ಇನ್ನೂ ಸೊರಗಿದ್ದರೆ ಆಗ ಬಯಲಾಗುತ್ತದೆ. ರೆಸಿಸ್ಟರ್ ಹಾಕಿದ್ದರೆ ಹತ್ತು ನಿಮಿಷ ಹೈ ಬೀಮ್ ಉರಿಸಿ, ಅದರ ಸುತ್ತಲಿನ ತಂತಿ ಮೆತ್ತಗಾಗಿದೆಯೇ ಮುಟ್ಟಿ ನೋಡಿ. ರೆಸಿಸ್ಟರನ್ನೇ ಮುಟ್ಟಬೇಡಿ, ಬೆರಳು ಸುಡುತ್ತದೆ.

ಬೀಮ್ ಸರಿಪಡಿಸುವುದನ್ನು ಮರೆಯಬಾರದು. ಹ್ಯಾಲೊಜೆನ್‌ಗೆಂದೇ ರೂಪಿಸಿದ ರಿಫ್ಲೆಕ್ಟರಿನಲ್ಲಿ ಎಲ್ಇಡಿಯ ಚಿಪ್ಪುಗಳು ಫಿಲಮೆಂಟಿದ್ದ ಜಾಗದಲ್ಲೇ, ಎಡ-ಬಲಕ್ಕೆ ಮುಖ ಮಾಡಿ ಕೂತಿರಬೇಕು. ಬಲ್ಬಿನ ಬುಡದ ಬಳೆ (ಕಾಲರ್) ಒಂದಿಷ್ಟು ತಿರುಗಿದರೂ ಡಿಮ್ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಡಿಮ್‌ನ ಮೇಲಂಚು ಲೈಟಿನ ನಡುಮಟ್ಟಕ್ಕಿಂತ 10-15 ಸೆಂಟಿಮೀಟರ್ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಲೈಟ್ ಎತ್ತರದಲ್ಲಿರುವ ಲಾರಿಗೆ ಇನ್ನೂ ತುಸು ತಗ್ಗಿಸಬಹುದು. ಲೋಡಾದಾಗ ಹಿಂಭಾಗ ಕೂತು ಮುಂಭಾಗ ಏಳುವ ಗಾಡಿಯಾದರೆ ಲೋಡ್ ಇರುವಾಗಲೇ ಈ ಕೆಲಸ ಮಾಡಿ.

ಕೊನೆಯದಾಗಿ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿ. ಸ್ವಿಚ್ ಯಾವ ಬದಿಯದು, ರಿಲೇ ಎಲ್ಲಿದೆ, ರೆಸಿಸ್ಟರ್ ಎಲ್ಲಿ ಕಟ್ಟಿದೆ, ನೀಲಿ ದೀಪದ ಹೊಸ ತಂತಿಯ ಬಣ್ಣ ಯಾವುದು, ಅದರ ಫ್ಯೂಸ್ ಎಲ್ಲಿದೆ, ಇಷ್ಟನ್ನು ಬರೆದು ಮೇಲೆ ಸೆಲ್ಲೋ ಟೇಪ್ ಎಳೆಯಿರಿ. ದೂರದ ಊರಿನಲ್ಲಿ ನಡುರಾತ್ರಿ ಲೈಟ್ ಹೋದರೆ, ಆ ಗಾಡಿಯನ್ನು ಮೊದಲ ಸಲ ನೋಡುವ ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡ್ ಬಿಚ್ಚದೆಯೇ ಕೆಲಸ ಶುರು ಮಾಡಬಹುದು.